ನೀಲವ್ವನ ಮೋಟಾರು ತಿಂದ ಕರೆಂಟು

ಕಳೆದ ತಿಂಗಳು ಅತ್ತಿಗುಪ್ಪೆಯಲ್ಲಿ ಮೆಟ್ರೋ ಇಳಿದು ಗೋವಿಂದರಾಜನಗರದ ಕಡೆಗೆ ನಡೆದು ಹೋಗುತ್ತಿದ್ದೆ. ಒಂದು ಅಡ್ಡರಸ್ತೆಯಲ್ಲಿ, ಅರ್ಧ ಎಳೆದ ಷಟರಿನ ಹಿಂದಿನಿಂದ ಮೋಟಾರಿನ ಸದ್ದು ಕೇಳಿಸಿತು. ಗಾರ್ಮೆಂಟ್ಸಿನವರು ಪವರ್ ಮಷೀನ್ ಅನ್ನುತ್ತಾರಲ್ಲ, ಆ ಹೊಲಿಗೆ ಯಂತ್ರದ ಮೋಟಾರು. ಟೇಬಲ್ಲಿನ ಕೆಳಗೆ ಬೋಲ್ಟು ಹಾಕಿ ಕೂರಿಸಿರುತ್ತಾರೆ. ಒಮ್ಮೆ ಸ್ವಿಚ್ ಹಾಕಿದರೆ ಹೊಲಿದರೂ ಹೊಲಿಯದಿದ್ದರೂ ಅದು ತನ್ನ ಪಾಡಿಗೆ ಗುಂಯ್ ಅಂತ ತಿರುಗುತ್ತಲೇ ಇರುತ್ತದೆ. ಕಾಲಡಿಯ ಹಲಗೆ ಒತ್ತಿದಾಗ ಮಾತ್ರ ಆ ತಿರುಗಾಟ ಸೂಜಿಗೆ ತಲುಪುತ್ತದೆ. ಡಿಪ್ಲೊಮಾ ಹುಡುಗರಿಗೆ ವಿದ್ಯುತ್ ಮಾಪನ ಪಾಠ ಹೇಳುವ ನಾನು, ಕೈಯಲ್ಲಿ ಸೊಪ್ಪಿನ ಚೀಲ ಹಿಡಿದುಕೊಂಡು, ಆ ಷಟರಿನ ಎದುರು ಪೆದ್ದಿಯ ಹಾಗೆ ನಿಂತುಬಿಟ್ಟೆ. ಒಳಗಿನಿಂದ ಒಬ್ಬ ಹೆಂಗಸು ತಲೆ ಬಗ್ಗಿಸಿ, "ಏನ್ ಬೇಕಿತ್ತು ಮೇಡಂ?" ಅಂದಳು. ಏನೂ ಇಲ್ಲಮ್ಮ ಅಂತ ಹೇಳಿ ಹೊರಟೆ. ಮನೆ ಸೇರುವ ತನಕ ಎದೆ ಹಗುರಾಗಲಿಲ್ಲ.

ಎರಡು ಸಾವಿರದ ನಾಲ್ಕರ ಬೇಸಿಗೆ ಅದು. ನಾನು ಇಂಜಿನಿಯರಿಂಗ್ ಕೊನೆಯ ಸೆಮಿಸ್ಟರಿನಲ್ಲಿದ್ದೆ. ಗೋವಿಂದರಾಜನಗರದಲ್ಲಿ ನಮ್ಮದೊಂದು ವಠಾರ. ಕೆಳಗೆ ಮೂರು, ಮೇಲೆ ಮೂರು ಮನೆ. ಕೆಳಗಿನ ಒಂದರಲ್ಲಿ ನಾನೂ ಅಮ್ಮನೂ, ಉಳಿದ ಐದರಲ್ಲಿ ಬಾಡಿಗೆಯವರು. ಅಪ್ಪ ಕಟ್ಟಿಸಿಟ್ಟು ಹೋಗಿದ್ದ ಈ ಮನೆಗಳೇ ನಮ್ಮ ಆಧಾರ. ಬಾಡಿಗೆಯವರೆಲ್ಲ ಅಮ್ಮನನ್ನು ಓನರ್ ಆಂಟಿ ಅನ್ನುತ್ತಿದ್ದರು. ಅಮ್ಮ ಕೆಟ್ಟವಳಲ್ಲ. ಆದರೆ ಗಂಡಸಿಲ್ಲದ ಮನೆ ಅಂತ ಯಾರೂ ಸದರ ಮಾಡಿಕೊಳ್ಳಬಾರದು ಎಂದು ಸದಾ ಒಂದು ಬಿಗಿ ಇಟ್ಟುಕೊಂಡಿದ್ದಳು.

ವಠಾರಕ್ಕೆಲ್ಲ ಸೇರಿ ಒಂದೇ ದೊಡ್ಡ ಮೀಟರು. ಮೆಟ್ಟಿಲ ಕೆಳಗಿನ ಗೋಡೆಗೆ ಒಂದು ಮರದ ಹಲಗೆ ಹೊಡೆದು ಆರು ಮನೆಗೂ ಆರು ಸಬ್ ಮೀಟರು ಕೂರಿಸಿದ್ದರು. ಎಲ್ಲವೂ ಹಳೇ ಕಾಲದವು. ಗಾಜಿನ ಹಿಂದೆ ಒಂದು ತಗಡಿನ ತಟ್ಟೆ, ಅದರ ಅಂಚಿಗೊಂದು ಕೆಂಪು ಗುರುತು. ಕರೆಂಟು ಉರಿದಷ್ಟೂ ತಟ್ಟೆ ತಿರುಗುತ್ತದೆ. ತಿಂಗಳ ಮೊದಲ ಭಾನುವಾರ ತಿಂಡಿ ಆದಮೇಲೆ ಎಲ್ಲರೂ ಮೆಟ್ಟಿಲ ಹತ್ತಿರ ಸೇರಬೇಕು. ಅಮ್ಮ ಟಾರ್ಚು ಬಿಟ್ಟು ಅಂಕಿ ಕೂಗುವುದು, ಆ ಮನೆಯವರು ಅದನ್ನೇ ತಿರುಗಿ ಕೂಗುವುದು, ಮೇಲಿನ ಮನೆಯ ನಂಜುಂಡಯ್ಯನವರು ಪುಸ್ತಕದಲ್ಲಿ ಬರೆಯುವುದು. ನಂಜುಂಡಯ್ಯನವರು ಮಿಲ್ಲಿನಲ್ಲಿ ಗುಮಾಸ್ತರಾಗಿ ರಿಟೈರಾದವರು. ಈ ಒಂದು ಕೆಲಸಕ್ಕೆ ಆ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಬರುತ್ತಿದ್ದರು. ಆರೂ ಮೀಟರು ಕೂಡಿದರೆ ಬರುವುದಕ್ಕಿಂತ ದೊಡ್ಡ ಮೀಟರು ಸ್ವಲ್ಪ ಹೆಚ್ಚೇ ತೋರಿಸುತ್ತಿತ್ತು. ನೀರಿನ ಮೋಟಾರು, ಮೆಟ್ಟಿಲ ದೀಪ ಯಾವ ಮನೆಯ ಲೆಕ್ಕಕ್ಕೂ ಸೇರುತ್ತಿರಲಿಲ್ಲವಲ್ಲ. ಆ ಉಳಿಕೆಯನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳುತ್ತಿದ್ದರು. ಅದಕ್ಕೆಂದೂ ಜಗಳ ಆಗಿರಲಿಲ್ಲ.

ನೀಲವ್ವ ಬಂದಿದ್ದು ಹಿಂದಿನ ದೀಪಾವಳಿ ಮುಗಿದ ಮೇಲೆ. ಗದಗಿನ ಕಡೆಯವಳು. ಗಂಡ ತೀರಿಕೊಂಡಿದ್ದ. ಮೂರನೇ ಕ್ಲಾಸಿನ ಮಗಳು ಗಂಗಾ, ಒಂದು ಟ್ರಂಕು, ಒಂದು ಪವರ್ ಮಷೀನು, ಇಷ್ಟೇ ಅವಳ ಸಂಸಾರ. ಗಾರ್ಮೆಂಟ್ಸಿಗೆ ಹೋದರೆ ಮಗಳನ್ನು ನೋಡಿಕೊಳ್ಳುವವರಿಲ್ಲವೆಂದು ಮನೆಯಲ್ಲೇ ಹೊಲಿಯುತ್ತಿದ್ದಳು. ವಿಜಯನಗರದ ಒಂದು ಯೂನಿಫಾರ್ಮ್ ಅಂಗಡಿಯವರು ಕತ್ತರಿಸಿದ ಬಟ್ಟೆಯನ್ನು ಗಂಟು ಕಟ್ಟಿ ಕೊಡುತ್ತಿದ್ದರು; ಇವಳು ಹೊಲಿದು ಗುಂಡಿ ಹಾಕಿ ಮುಟ್ಟಿಸಬೇಕು. ಚೀಟಿಯಿಲ್ಲ, ಸಹಿಯಿಲ್ಲ, ಎಲ್ಲಾ ಬರೀ ನಂಬಿಕೆಯ ಮೇಲೆ. ಏಪ್ರಿಲ್ ಮೇ ಬಂತೆಂದರೆ ಊರಿನ ಶಾಲೆಗಳಿಗೆಲ್ಲ ಯೂನಿಫಾರ್ಮು. ಆ ಎರಡು ತಿಂಗಳ ಕೆಲಸದಲ್ಲೇ ಅವಳ ಅರ್ಧ ವರ್ಷ ನಡೆಯಬೇಕು. ಬೆಳಿಗ್ಗೆ ಮಗಳಿಗೆ ಜಡೆ ಹಾಕಿ ಕೂತರೆ ಸಂಜೆ ದೀಪ ಹಚ್ಚುವ ತನಕ ಆ ಮೋಟಾರು ಗುಂಯ್‌ಗುಡುತ್ತಿತ್ತು. ನನಗೆ ಅವಳೆಂದರೆ ಇಷ್ಟ. ಜೋಳದ ರೊಟ್ಟಿ ತಟ್ಟಿದ ದಿನ ಒಂದನ್ನು ತಟ್ಟೆಗೆ ಹಾಕಿ, "ತಂಗಿ, ಬಿಸಿ ಐತಿ, ತಿನ್ನ ಬಾ" ಎಂದು ಕರೆಯುತ್ತಿದ್ದಳು. ಓದಿ ಓದಿ ತಲೆ ಕೆಟ್ಟಾಗ ಅವಳ ಹೊಸಿಲ ಮೇಲೆ ಕೂತು ಬಟ್ಟೆಯ ಚೂರು ಆರಿಸಿಕೊಡುತ್ತಿದ್ದೆ.

ನನ್ನ ಪ್ರಾಜೆಕ್ಟು, ಮೈಕ್ರೋಕಂಟ್ರೋಲರಿನಿಂದ ಮನೆಯ ಕರೆಂಟಿನ ಬಳಕೆ ಅಳೆಯುವುದು. ಎಸ್.ಪಿ. ರೋಡಿನಲ್ಲಿ ಬಿಸಿಲಲ್ಲಿ ಅಲೆದು ಸಾಮಾನು ತಂದಿದ್ದೆ. ಬಳೆಯ ಹಾಗಿರುವ ಒಂದು ಸುರುಳಿ. ಅದರೊಳಗೆ ಮನೆಯ ವೈರು ಹಾಯಿಸಿದರೆ ಎಷ್ಟು ಆಂಪಿಯರ್ ಹರಿಯುತ್ತಿದೆ ಎಂದು ಅದು ಹೇಳುತ್ತದೆ. ಆ ಅಂಕಿಯನ್ನು ಮೈಕ್ರೋಕಂಟ್ರೋಲರು ಓದಿ, ಇನ್ನೂರ ಮೂವತ್ತು ವೋಲ್ಟಿನಿಂದ ಗುಣಿಸಿ, ಇಷ್ಟು ವ್ಯಾಟ್ ಎಂದು ಪುಟ್ಟ ಪರದೆಯ ಮೇಲೆ ತೋರಿಸಬೇಕು. ಎರಡು ಸಲ ಚಿಪ್ಪು ಸುಟ್ಟುಕೊಂಡು, ಬೆರಳ ತುದಿಗೆಲ್ಲ ಬೆಸುಗೆಯ ಬೊಬ್ಬೆ ಎಬ್ಬಿಸಿಕೊಂಡು ಅಂತೂ ಮುಗಿಸಿದೆ. ನಮ್ಮ ಮನೆಯ ನೂರು ವ್ಯಾಟಿನ ಬಲ್ಬು ಹಾಕಿದರೆ ಪರದೆಯ ಮೇಲೆ ನೂರು ಬಂತು. ಇಸ್ತ್ರಿ ಪೆಟ್ಟಿಗೆ ಹಚ್ಚಿ ಸಬ್ ಮೀಟರಿನ ತಟ್ಟೆ ಎಷ್ಟು ಸುತ್ತುತ್ತದೆ ಎಂದು ವಾಚು ಹಿಡಿದು ಎಣಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ನೀಲವ್ವ ಬಾಗಿಲಲ್ಲಿ ನಿಂತು ಎಲ್ಲ ನೋಡಿ, "ಭಾಳ ಶ್ಯಾಣ್ಯಾಕಿ ನೀ" ಎಂದು ನನ್ನ ಕೆನ್ನೆ ಮುಟ್ಟಿ ನೆಟಿಕೆ ಮುರಿದಳು.

ಎಂಥಾ ಜಂಬ ನನಗೆ! ಹದಿನೈದು ದಿನ ಕಾಲು ನೆಲಕ್ಕೆ ತಾಗಲಿಲ್ಲ.

ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಮಾರ್ಚಿನಿಂದಲೇ ಆಕಾಶ ಬಿಳಿಚಿಕೊಂಡು, ರಸ್ತೆಯ ಧೂಳು ಅನ್ನದ ತಟ್ಟೆಗೂ ಬರುತ್ತಿತ್ತು. ನಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ಬೋರಿನ ಮೋಟಾರು ಹಾಕಿದರೆ ಕಿರುಬೆರಳು ದಪ್ಪ ನೀರು. ಟ್ಯಾಂಕು ತುಂಬಲಿ ಎಂದು ಅಮ್ಮ ಮಧ್ಯಾಹ್ನವೆಲ್ಲ ಅದನ್ನು ಓಡಲು ಬಿಟ್ಟು ಮಲಗುತ್ತಿದ್ದಳು. ಎಲ್ಲರ ಮೈಯಲ್ಲೂ ಬೆವರುಸಾಲೆ, ಎಲ್ಲರ ಬಾಯಲ್ಲೂ ಸಿಡುಕು. ಈ ನಡುವೆ ಮೀಟರಿನ ಉಳಿಕೆ ಏರಲು ಶುರುವಾಯಿತು. ಮೊದಲು ಇಪ್ಪತ್ತು ಯೂನಿಟ್ಟಿದ್ದದ್ದು ನಲವತ್ತಾಯಿತು, ಆಮೇಲೆ ಎಪ್ಪತ್ತು, ಏಪ್ರಿಲ್ ಭಾನುವಾರ ನೂರು ದಾಟಿತು. ನಂಜುಂಡಯ್ಯನವರು ಪುಸ್ತಕ ಮುಚ್ಚಿ, "ಆಂಟಿ, ಇದ್ಯಾಕೋ ಸರಿ ಕಾಣ್ತಾ ಇಲ್ಲ. ಯಾರೋ ಆಟ ಆಡ್ತಾ ಇದಾರೆ" ಅಂದರು. ಸಬ್ ಮೀಟರಿನ ಗಾಜಿನ ಸಂದಿಯಲ್ಲಿ ಏನೋ ತೂರಿಸಿ ತಟ್ಟೆ ನಿಧಾನ ಮಾಡುವ ಕಳ್ಳವಿದ್ಯೆ ಎಲ್ಲರಿಗೂ ಕೇಳಿ ಗೊತ್ತಿತ್ತು. ಯಾರೂ ಯಾರ ಹೆಸರನ್ನೂ ಎತ್ತಲಿಲ್ಲ. ಆದರೆ ಎಲ್ಲರ ಕಣ್ಣೂ ಮೋಟಾರು ಗುಂಯ್‌ಗುಡುವ ಮನೆಯ ಕಡೆಗೇ ಹೋಯಿತು. ದಿನವಿಡೀ ಮಷೀನು ಓಡಿಸುವವಳ ಮೀಟರು ಇಷ್ಟೇ ಇಷ್ಟು ಏರುವುದು ಹೇಗೆ?

ಬೋರಿನ ಮೋಟಾರಿನ ನೆನಪು ಒಬ್ಬರಿಗಾದರೂ ಬರಲಿಲ್ಲವೇ ಎಂದು ನೀವು ಕೇಳಬಹುದು. ಬರಲಿಲ್ಲ. ಅದು ಎಂದಿನಿಂದಲೂ ಇದ್ದದ್ದು, ಎಲ್ಲರಿಗೂ ನೀರು ಕೊಡುವಂಥದ್ದು. ಅದರ ಮೇಲೆ ಅನುಮಾನ ಪಡುವುದು ಯಾರ ತಲೆಗೂ ಹೊಳೆಯಲಿಲ್ಲ, ಇಂಜಿನಿಯರಮ್ಮನ ತಲೆಗೂ ಸಹ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗಾಯಿತು.

"ನಮ್ ಸುಧಾ ಮಾಡಿರೋ ಮಷೀನ್ ಇದೆಯಲ್ಲ. ಎಲ್ಲರ ಮನೇನೂ ಅಳೀಲಿ, ಗೊತ್ತಾಗತ್ತೆ" ಅಂದಳು ಅಮ್ಮ. ಮಗಳ ವಿದ್ಯೆ ವಠಾರದ ಎದುರು ಮೆರೆಯಲಿ ಎಂದು ಅವಳಿಗೂ ಆಸೆ. ನನಗಂತೂ ಸ್ವರ್ಗಕ್ಕೆ ಮೂರೇ ಗೇಣು. ನಮ್ಮ ಗೈಡು ಬೇರೆ, ಬರೀ ಬಲ್ಬು ಅಳೆದು ಬಂದರೆ ಸಾಲದು, ನಿಜವಾದ ಉಪಯೋಗ ಏನಾದರೂ ತೋರಿಸಮ್ಮ ಎಂದಿದ್ದರು. ರಿಪೋರ್ಟಿಗೆ ಒಂದು ಅಧ್ಯಾಯ ಸಿಕ್ಕಿತಲ್ಲ ಎಂದು ಖುಷಿಪಟ್ಟೆ.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮೆಟ್ಟಿಲ ಕೆಳಗೆ ಸ್ಟೂಲು ಹಾಕಿ ನನ್ನ ಪೆಟ್ಟಿಗೆ ಇಟ್ಟುಕೊಂಡು ಕೂತೆ. ಒಂದೊಂದೇ ಮನೆಯ ಫ್ಯೂಸು ತೆಗೆದು, ವೈರನ್ನು ಸುರುಳಿಯೊಳಗೆ ಹಾಯಿಸಿ, ಮತ್ತೆ ಫ್ಯೂಸು ಹಾಕಿ ನೋಡಿದೆ. ಎಲ್ಲರ ಮನೆಯಲ್ಲೂ ಬಲ್ಬು, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ಲು ಇಂಥವೇ. ನನ್ನ ಪೆಟ್ಟಿಗೆಗೂ ತಟ್ಟೆಯ ಮೀಟರಿಗೂ ಸರಿಯಾಗಿ ತಾಳೆಯಾಯಿತು. ನಂಜುಂಡಯ್ಯನವರು ಪ್ರತಿ ಸಲವೂ, "ಶಹಬ್ಬಾಸ್" ಅನ್ನುತ್ತಿದ್ದರು.

ಕೊನೆಗೆ ನೀಲವ್ವನ ಸರದಿ. ಅವಳು ಮೋಟಾರಿನ ಸ್ವಿಚ್ ಹಾಕಿ ಬಂದು ಸೆರಗು ಸುತ್ತಿಕೊಂಡು ನಿಂತಳು. ಪರದೆಯ ಮೇಲೆ ಐನೂರ ಅರವತ್ತು ಬಂತು. ಆ ಲೆಕ್ಕಕ್ಕೆ ತಟ್ಟೆ ನಿಮಿಷಕ್ಕೆ ಹನ್ನೊಂದು ಸುತ್ತು ಬರಬೇಕು. ನಾನು ವಾಚು ನೋಡಿದೆ, ನಂಜುಂಡಯ್ಯನವರು ಕೆಂಪು ಗುರುತನ್ನು ಎಣಿಸಿದರು. ಒಂದು... ಎರಡು... ಮೂರು. ನಿಮಿಷ ಮುಗಿಯಿತು.

"ಮೂರು!" ಅಂದರು ನಂಜುಂಡಯ್ಯನವರು, ಎಲ್ಲರ ಕಡೆ ತಿರುಗಿ. "ಹನ್ನೊಂದು ತಿರುಗಬೇಕಾದದ್ದು ಮೂರೇ ಮೂರು!"

ಅಮ್ಮ, "ಏನಮ್ಮ ನೀಲವ್ವ ಇದು?" ಅಂದಳು. ಆ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

"ನಾ ಏನೂ ಮಾಡಿಲ್ರೀ ಅಕ್ಕಾರ," ಅಂದಳು ನೀಲವ್ವ. "ನನಗ ಆ ಡಬ್ಬಿ ಹೆಂಗ ತೆರೀತಾರನ್ನೋದಽ ಗೊತ್ತಿಲ್ಲ. ಮಷೀನ್ ರಿಪೇರಿಯಾಂವ ಹೇಳ್ತಿದ್ದ, ಈ ಮೋಟಾರ ಸುಮ್ಮ ತಿರಗೂವಾಗ ಏನೂ ತಿನ್ನಂಗಿಲ್ಲಂತ."

"ಐನೂರ ಅರವತ್ತು ತೋರಿಸ್ತಾ ಇದೆಯಲ್ಲಮ್ಮ, ಕಣ್ಣು ಕಾಣಲ್ವಾ?" ಅಂದರು ನಂಜುಂಡಯ್ಯನವರು.

ನೀಲವ್ವ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ತಂಗಿ, ಮೋಟಾರ ಬಂದ್ ಮಾಡ್ತೀನಿ. ಇಸ್ತ್ರಿ ಪೆಟಗಿ ಹಚ್ಚಿ ನೋಡು. ಅವತ್ತ ನಿಮ್ಮನ್ಯಾಗ ಹಚ್ಚಿ ನೋಡಿದೆಲ್ಲ, ಹಂಗ. ನನ್ನ ಮೀಟರ ಖೊಟ್ಟಿ ಇದ್ರ ಆಗಾನೂ ತಪ್ಪ ತೋರಸ್ತೈತಿ. ಇರಲಿಲ್ಲಂದ್ರ ಇಲ್ಲ. ಹೌದಿಲ್ಲೋ?"

ಇಲ್ಲಿಗೆ ಬಂದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವಳಿಗೆ ಹೊಳೆಯದ ಪರೀಕ್ಷೆಯನ್ನು ಏಳನೇ ಕ್ಲಾಸು ಓದಿದವಳು ನಿಂತ ನಿಲುವಿನಲ್ಲಿ ಹೇಳಿದ್ದಳು. ಎರಡು ನಿಮಿಷದ ಕೆಲಸ. ಇಸ್ತ್ರಿ ಪೆಟ್ಟಿಗೆ ಹಚ್ಚಿದ್ದರೆ ಅವಳ ಮೀಟರು ಸರಿಯಾಗಿಯೇ ತೋರಿಸುತ್ತಿತ್ತು, ಎಲ್ಲರ ಬಾಯಿ ಮುಚ್ಚುತ್ತಿತ್ತು. ಆ ಕ್ಷಣದಲ್ಲಿ, ಅವಳು ಹೇಳುತ್ತಿರುವುದು ಸರಿ, ಹಾಗೆ ಮಾಡಿ ನೋಡಬೇಕು ಎಂದು ಸ್ಪಷ್ಟವಾಗಿ ಅನ್ನಿಸಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಮೀಟರು ಸರಿ ಎಂದಾದರೆ ತಪ್ಪು ನನ್ನ ಪೆಟ್ಟಿಗೆಯದು. ಇನ್ನು ಐದು ವಾರಕ್ಕೆ ಪ್ರಾಜೆಕ್ಟಿನ ಪರೀಕ್ಷೆ. ಇಷ್ಟು ಜನರ ಮುಂದೆ ಅಮ್ಮನ ಮುಖ.

"ಅದೆಲ್ಲ ಬೇಕಾಗಿಲ್ಲ ನೀಲಕ್ಕ," ಅಂದೆ. "ಮಷೀನ್ ಸುಳ್ಳು ಹೇಳಲ್ಲ."

ಪೆಟ್ಟಿಗೆಯ ವೈರು ಬಿಚ್ಚತೊಡಗಿದೆ. ಅವಳ ಮುಖ ನೋಡಲಿಲ್ಲ.

ಆಮೇಲಿನದು ಸರಸರನೆ ಆಗಿಹೋಯಿತು. ಅಮ್ಮ ಗಲಾಟೆ ಮಾಡಲಿಲ್ಲ, ಪೊಲೀಸು ಗಿಲೀಸು ಎನ್ನಲಿಲ್ಲ. ತಿಂಗಳೊಳಗೆ ಬೇರೆ ಕಡೆ ನೋಡಿಕೋ ಎಂದಳು, ಅಷ್ಟೆ. ಆದರೆ ವಠಾರದ ಬಾಯಿಗೆ ಬೀಗ ಹಾಕುವವರು ಯಾರು? ಬೋರಿನ ನಲ್ಲಿಯ ಹತ್ತಿರ ಮಕ್ಕಳು ಗಂಗಾಳನ್ನು, "ಏಯ್ ಕರೆಂಟ್ ಕಳ್ಳಿ ಮಗಳು" ಎಂದು ಅಟ್ಟಾಡಿಸಿದವು. ಆ ಮಗು ಬಿಂದಿಗೆ ಅಲ್ಲೇ ಬಿಟ್ಟು ಓಡಿ ಬಂದದ್ದನ್ನು ಕಿಟಕಿಯಿಂದ ನೋಡಿದೆ. ನಾಲ್ಕನೇ ದಿನಕ್ಕೆ ಸುದ್ದಿ ಯೂನಿಫಾರ್ಮ್ ಅಂಗಡಿಗೂ ಮುಟ್ಟಿತು. ನಂಬಿಕೆಯ ಮೇಲೆ ಗಂಟು ಕೊಡುವ ಅಂಗಡಿ. ಅಂಗಡಿಯವನು ಆಟೋ ತಂದು ನಿಲ್ಲಿಸಿ, ಹೊಲಿದದ್ದು ಹೊಲಿಯದ್ದು ಎರಡನ್ನೂ ತುಂಡು ತುಂಡು ಎಣಿಸಿ ತುಂಬಿಸಿಕೊಂಡ. ಒಂದು ತುಂಡೂ ಕಡಿಮೆ ಬರಲಿಲ್ಲ. "ಲೆಕ್ಕ ಸರಿ ಇದೆ ಕಣಮ್ಮ, ಆದ್ರೂ ಬೇಡ. ನಂಗೂ ಯಾಕೆ ತಲೆನೋವು" ಎಂದು ಹೋದ. ಅಂದಿನಿಂದ ಮೋಟಾರಿನ ಸದ್ದು ನಿಂತಿತು. ಆ ಮೌನದಲ್ಲಿ ಕೂತು ನಾನು ರಿಪೋರ್ಟು ಬರೆದೆ. ಐದನೇ ಅಧ್ಯಾಯ, ಕಳ್ಳತನ ಪತ್ತೆಹಚ್ಚುವಲ್ಲಿ ಉಪಕರಣದ ಬಳಕೆ. ಅದಕ್ಕೊಂದು ಕೋಷ್ಟಕ ಬೇರೆ.

ಅವಳು ಮನೆ ಖಾಲಿ ಮಾಡಿದ ದಿನ ನಾನು ಕಾಲೇಜಿನಲ್ಲಿದ್ದೆ. ಬೇಕೆಂದೇ ಹೋಗಿದ್ದೆ.

ಮೇ ಮಧ್ಯದಲ್ಲಿ ಪ್ರಾಜೆಕ್ಟಿನ ವೈವಾ. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಮೃದು ಮಾತಿನವರು. ಬೆಸುಗೆ ಎಷ್ಟು ಚೊಕ್ಕ ಇದೆ ಎಂದು ಹೊಗಳಿದರು. ಆಮೇಲೆ ಐದನೇ ಅಧ್ಯಾಯ ತೆಗೆದು ಸ್ವಲ್ಪ ಹೊತ್ತು ಓದಿದರು.

"ವೋಲ್ಟೇಜ್ ಎಲ್ಲಿ ಅಳೀತಾ ಇದೀಯಮ್ಮ?"

"ಅಳೀತಿಲ್ಲ ಸಾರ್. ಇನ್ನೂರ ಮೂವತ್ತು ಅಂತ ತಗೊಂಡಿದೀನಿ."

"ಹಾಗಾದ್ರೆ ಪವರ್ ಫ್ಯಾಕ್ಟರ್?"

ವೋಲ್ಟು ಗುಣಿಸು ಆಂಪಿಯರ್ ಗುಣಿಸು ಕಾಸ್ ಫೈ. ಆ ಕಾಸ್ ಫೈಯೇ ಪವರ್ ಫ್ಯಾಕ್ಟರ್, ಎಳೆದ ಕರೆಂಟಿನಲ್ಲಿ ನಿಜವಾಗಿ ಖರ್ಚಾದ ಪಾಲು. ಮೂರನೇ ಸೆಮಿಸ್ಟರಿನಿಂದ ಬಾಯಿಪಾಠ. ಅದಕ್ಕೆ ಅಂಕ ತೆಗೆದುಕೊಂಡಿದ್ದೆ, ಗೆಳತಿಯರಿಗೆ ಹೇಳಿಕೊಟ್ಟಿದ್ದೆ. ಬಲ್ಬಿಗೂ ಇಸ್ತ್ರಿ ಪೆಟ್ಟಿಗೆಗೂ ಆ ಕೊನೆಯ ಅಂಕಿ ಬರೀ ಒಂದು, ಹಾಗಾಗಿ ಅದು ಇಲ್ಲದೆಯೂ ಲೆಕ್ಕ ಕೂಡಿಬಂದಿತ್ತು. ನಾನು ಅದನ್ನು ಮರೆತೇಬಿಟ್ಟಿದ್ದೆ.

"ಈ ಕೊನೇ ಮನೆ ಲೋಡು ಏನು?" ಎಂದು ಕೇಳಿದರು.

"ಹೊಲಿಗೆ ಮಷೀನ್ ಮೋಟಾರು ಸಾರ್."

"ಹೊಲೀತಾ ಇದ್ರಾ, ಸುಮ್ನೆ ತಿರುಗ್ತಾ ಇತ್ತಾ?"

"ಸುಮ್ನೆ ತಿರುಗ್ತಾ ಇತ್ತು."

ಅವರು ನಕ್ಕರು. "ಖಾಲಿ ತಿರುಗೋ ಮೋಟಾರು ಕರೆಂಟು ಎಳ್ಕೊಳತ್ತೆ, ಮತ್ತೆ ಲೈನಿಗೇ ವಾಪಸ್ ತಳ್ಳತ್ತೆ. ಪಕ್ಕದ ಮನೆಯಿಂದ ಜರಡಿ ಇಸ್ಕೊಂಡು ತಿರುಗಿ ಕೊಟ್ಟರೆ ಹಿಟ್ಟು ಕದ್ದ ಹಾಗಾಯ್ತಾ? ನಿನ್ನ ಪೆಟ್ಟಿಗೆ ಜರಡಿ ಎಣಿಸಿದೆ ಕಣಮ್ಮ. ತಟ್ಟೆ ಮೀಟರು ಹಿಟ್ಟು ತೂಗಿದೆ. ಅದು ಹೇಳಿದ್ದೇ ಸರಿ." ರಿಪೋರ್ಟು ಮುಚ್ಚಿ ನನ್ನ ಕಡೆಗೆ ಸರಿಸಿದರು. "ಹೋಗ್ಲಿ ಬಿಡು, ಕಲಿಯೋ ವಯಸ್ಸು. ಯಾರಿಗೂ ತೊಂದ್ರೆ ಆಗಿಲ್ವಲ್ಲ."

ಒಳ್ಳೆಯ ಅಂಕವನ್ನೇ ಕೊಟ್ಟರು. ಬಸ್ ಸ್ಟಾಪಿನಲ್ಲಿ ನಿಂತು ಅತ್ತೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಫೇಲಾಗಿದ್ದೇನೆ ಎಂದುಕೊಂಡು, "ಮುಂದಿನ ಸಲ ಆಗತ್ತೆ ಬಿಡವ್ವ" ಎಂದು ಸಮಾಧಾನ ಮಾಡಿದರು.

ಅಂಕ ಬಂದ ಮೇಲೂ ನಾನು ಪೆಟ್ಟಿಗೆಯನ್ನು ಬಿಚ್ಚಿದೆ. ಚಿಕ್ಕ ಟ್ರಾನ್ಸ್‌ಫಾರ್ಮರೊಂದನ್ನು ಹಾಕಿ ವೋಲ್ಟೇಜನ್ನೂ ಮೈಕ್ರೋಕಂಟ್ರೋಲರಿಗೆ ಕೊಟ್ಟೆ. ಪ್ರತಿ ಅಲೆಯಲ್ಲೂ ಎರಡನ್ನೂ ಅನೇಕ ಸಲ ಒಟ್ಟೊಟ್ಟಿಗೆ ಓದಿ, ಆಗಿಂದಾಗಲೇ ಗುಣಿಸಿ, ಕೂಡಿಸಿ ಸರಾಸರಿ ತೆಗೆಯುವಂತೆ ಪ್ರೋಗ್ರಾಮು ಬರೆದೆ. ಕರೆಂಟು ಹಿಂದೆ ಬಿದ್ದು ವಾಪಸ್ ಹೋಗುವ ಹೊತ್ತಿನಲ್ಲಿ ಗುಣಾಕಾರ ಮೈನಸ್ ಬರುತ್ತದೆ, ತಾನಾಗಿ ಕಳೆದುಹೋಗುತ್ತದೆ. ಹತ್ತು ಸಾಲು ಹೆಚ್ಚು ಬರೆಯಬೇಕಾಯಿತು, ಅಷ್ಟೆ. ಮಾಗಡಿ ರಸ್ತೆಯಲ್ಲಿ ಗೆಳತಿಯ ಮಾವನ ಹೊಲಿಗೆ ಅಂಗಡಿಯಿತ್ತು. ಅಲ್ಲಿ ಅಂಥದೇ ಮೋಟಾರಿಗೆ ಹಚ್ಚಿ ನೋಡಿದೆ. ಹಳೆಯ ರೀತಿಯಲ್ಲಿ ಗುಣಿಸಿದರೆ ಐನೂರ ಐವತ್ತರ ಹತ್ತಿರ, ಹೊಸ ರೀತಿಯಲ್ಲಿ ನೂರ ಐವತ್ತು. ಪವರ್ ಫ್ಯಾಕ್ಟರ್ ಕಾಲು ಭಾಗಕ್ಕಿಂತ ತುಸು ಹೆಚ್ಚು. ಆ ಅಂಗಡಿಯ ಮೀಟರಿನ ತಟ್ಟೆಯೂ ಸರಿಯಾಗಿ ಅದನ್ನೇ ಹೇಳಿತು. ಹಾಗಾದರೆ ನಮ್ಮ ವಠಾರದ ನೂರು ಯೂನಿಟ್ಟು ಹೋದದ್ದೆಲ್ಲಿಗೆ? ಮನೆಗೆ ಬಂದು ಅದೇ ಪೆಟ್ಟಿಗೆಯನ್ನು ಬೋರಿನ ಮೋಟಾರಿಗೆ ಹಚ್ಚಿದೆ, ದಿನಕ್ಕೆ ಎಷ್ಟು ಗಂಟೆ ಓಡುತ್ತಿತ್ತೆಂದು ಅಮ್ಮನನ್ನು ಕೇಳಿ ಗುಣಿಸಿದೆ. ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ನಾವೇ ಕುಡಿದು, ನಾವೇ ಮಿಂದು, ಅವಳ ತಲೆಗೆ ಕಟ್ಟಿದ್ದೆವು.

ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು ಎದ್ದು ಬಾಗಿಲು ಮುಂದೆ ಮಾಡಿದಳು.

"ಈಗೇನ್ ಮಾಡೋಕಾಗತ್ತೆ ಕಣೇ? ಹೋದವಳು ಹೋದಳು," ಅಂದಳು. "ಇವರ ಮುಂದೆಲ್ಲ ಹೇಳ್ಬೇಡ. ನಾಳೆ ನನ್ನ ಮಾತಿಗೆ ಒಬ್ರಾದ್ರೂ ಬೆಲೆ ಕೊಡ್ತಾರಾ?"

ನೀಲವ್ವ ಮನೆ ಬಿಟ್ಟ ಮೇ ಮೊದಲ ವಾರವೇ ಮಳೆ ಹಿಡಿದಿತ್ತು, ಜೂನ್ ಬಂದರೂ ಸುರಿಯುತ್ತಲೇ ಇತ್ತು. ಬಿಡದ ಮಳೆ. ಬಸ್ಸಿನವರನ್ನು, ಹೊಲಿಗೆಯವರನ್ನು ಕೇಳಿ ಕೇಳಿ ನೀಲವ್ವ ಲಗ್ಗೆರೆಯಲ್ಲಿದ್ದಾಳೆ ಎಂದು ಗೊತ್ತುಮಾಡಿಕೊಂಡೆ. ಒಂದು ಮಧ್ಯಾಹ್ನ ಕೊಡೆ ಹಿಡಿದು ಹೊರಟೆ. ಕೆಸರಿನ ಓಣಿ, ಒಂದಕ್ಕೊಂದು ಅಂಟಿಕೊಂಡ ಶೀಟಿನ ಮನೆಗಳು. ಅವಳು ಆಗಷ್ಟೇ ಗಾರ್ಮೆಂಟ್ಸಿನ ಮೊದಲ ಶಿಫ್ಟು ಮುಗಿಸಿ ಬಂದಿದ್ದಳು. ಸೊರಗಿದ್ದಳು. ಒಳಗೆ ಪವರ್ ಮಷೀನು ಕಾಣಲಿಲ್ಲ. ಗಂಗಾಳೂ ಇರಲಿಲ್ಲ. ಊರಿಗೆ, ಅಜ್ಜಿಯ ಮನೆಗೆ ಕಳಿಸಿದ್ದೇನೆ ಅಂದಳು. ಯಾವ ಮಗಳನ್ನು ಹತ್ತಿರ ಇಟ್ಟುಕೊಳ್ಳಲು ಮನೆಯಲ್ಲೇ ಕೂತು ಹೊಲಿಯುತ್ತಿದ್ದಳೋ ಆ ಮಗಳು.

ನಿಂತುಕೊಂಡೇ ಎಲ್ಲ ಹೇಳಿದೆ. ಹಾಳೆಯ ಮೇಲೆ ಎರಡು ಅಲೆ ಬರೆದು ತೋರಿಸಿದೆ, ಇದು ವೋಲ್ಟೇಜು, ಇದು ಹಿಂದೆ ಬೀಳುವ ಕರೆಂಟು ಎಂದೆ. ಜರಡಿಯ ಮಾತು ಹೇಳಿದೆ. ಬೋರಿನ ಮೋಟಾರಿನ ವಿಷಯ ಹೇಳಿದೆ. ನಿನ್ನ ಮೀಟರು ಸರಿಯಿತ್ತು ನೀಲಕ್ಕ, ತಪ್ಪೆಲ್ಲ ನನ್ನದು ಎಂದೆ. ಅವಳು ಹಾಳೆಯನ್ನು ಮಡಿಸಿ ನನ್ನ ಕೈಗೇ ಕೊಟ್ಟಳು.

"ನಾ ಕದ್ದಿಲ್ಲನ್ನೋದು ನನಗ ಮೊದಲಽ ಗೊತ್ತಿತ್ತಲ್ರೀ," ಅಂದಳು. "ಅದನ್ನ ನನಗ ಹೇಳಾಕ ಇಷ್ಟು ದೂರ ಯಾಕ ಬಂದ್ರಿ? ಗೊತ್ತಿಲ್ಲದವರು ಅಲ್ಲಿ ಅದಾರ. ಅವರಿಗೆ ಹೇಳ್ರಿ. ಆ ಅಂಗಡ್ಯಾಂವಗ ಒಂದ ಮಾತ ಮುಟ್ಟಿದ್ರ ಮಗಳನ್ನ ಕರಕೊಂಡ ಬರತೀನಿ."

ಮೊದಲು ನನ್ನನ್ನು ನೀ ಎನ್ನುತ್ತಿದ್ದವಳು ಅಂದು ನೀವು ಅಂದಳು. ಹೇಳ್ತೀನಿ ನೀಲಕ್ಕ, ಈ ಭಾನುವಾರಾನೇ ಎಲ್ಲರ ಮುಂದೆ ಹೇಳ್ತೀನಿ ಎಂದು ಮಾತು ಕೊಟ್ಟೆ. ಬಸ್ಸಿನಲ್ಲಿ ಬರುವಾಗ ಏನು ಹೇಳಬೇಕು, ಎಲ್ಲಿಂದ ಶುರುಮಾಡಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಒಪ್ಪ ಮಾಡಿಕೊಂಡೆ.

ಭಾನುವಾರ ಬಂತು. ಹೊರಗೆ ಸೋನೆ. ಎಲ್ಲರೂ ಮೆಟ್ಟಿಲ ಕೆಳಗೆ ಒತ್ತಿಕೊಂಡು ನಿಂತರು. ಅಮ್ಮ ಅಂಕಿ ಕೂಗಿದಳು, ಮನೆಯವರು ತಿರುಗಿ ಕೂಗಿದರು, ನಂಜುಂಡಯ್ಯನವರು ಬರೆದರು. ಮಳೆಯಿಂದ ಬೋರಿನಲ್ಲಿ ನೀರು ಏರಿತ್ತು, ನಲ್ಲಿಯೂ ದಿನ ಬಿಟ್ಟು ದಿನ ಬರುತ್ತಿತ್ತು. ಮೋಟಾರು ಹಾಕುವ ಕೆಲಸವೇ ಕಡಿಮೆಯಾಗಿತ್ತು. ಉಳಿಕೆ ಎಷ್ಟು ಬರುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ನಂಜುಂಡಯ್ಯನವರು ಕೂಡಿ ಕಳೆದು, ಕನ್ನಡಕ ತೆಗೆದರು.

"ಹದಿನೆಂಟೇ ಯೂನಿಟ್ಟು!" ಎಂದು ಪುಸ್ತಕವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ನೋಡಿದ್ರಾ? ಆ ಯಮ್ಮ ಹೋದ ತಿಂಗಳೇ ಎಲ್ಲಾ ಸರಿಹೋಯ್ತು. ಇನ್ನೇನು ಸಾಕ್ಷಿ ಬೇಕು?" ನನ್ನ ಕಡೆ ತಿರುಗಿ ಬೆನ್ನು ತಟ್ಟಿದರು. "ಏನಮ್ಮಾ ಇಂಜಿನಿಯರ್, ನಿನ್ನ ಮಷೀನ್ ಹೇಳಿದ್ದು ಸರಿಯಾಗೇ ಇತ್ತು, ಅಲ್ವಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಮ್ಮ ಟಾರ್ಚು ಆರಿಸದೆ ಹಾಗೇ ಹಿಡಿದುಕೊಂಡಿದ್ದಳು.

ಹೂಂ, ಅಂದೆ.